ಪಾಂಟೂನ್ ಬೋಟ್ ಮೇಲೆತ್ತುವ ಮುಂಚೆ ಟ್ರೇಲರ್ ಯಾವುದು ಅಂತ ನೋಡಿ

ಮೇ ಕೊನೆಗೆ ನಮ್ಮ ಕರಾವಳಿಯಲ್ಲಿ ಬೋಟ್ ಎಳೆದು ಒಯ್ಯುವ ಟ್ರೇಲರ್ ಸಿಗುವುದೇ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರು ದಕ್ಕೆಯಲ್ಲಿ ಕ್ರೇನಿನವರಿಗಾಗಲಿ ಕೆಲಸದವರಿಗಾಗಲಿ ಪುರುಸೊತ್ತಿಲ್ಲ. ಇದೇ ಗಡಿಬಿಡಿಯಲ್ಲಿ ಹೋಂಸ್ಟೇಗಳ, ಟ್ಯೂಬ್ ಮೇಲೆ ತೇಲುವ ಚಪ್ಪಟೆ ಡೆಕ್ಕಿನ ಪಾಂಟೂನ್ ಬೋಟ್‌ಗಳೂ ಮೇಲೆ ಬರಬೇಕು. ಆಗ ಯಾರಾದರೂ "ಯಾವ ಟ್ರೇಲರ್ ಆದರೇನು, ಎಳೆದು ಹಾಕಿದರಾಯಿತು" ಎಂದರೆ ದಯವಿಟ್ಟು ಒಪ್ಪಬೇಡಿ. ಕೆಮ್ಮಣ್ಣು ಕಡೆ ನದಿ ದಂಡೆಯಲ್ಲಿ ನನ್ನ ಚಿಕ್ಕಪ್ಪನ ಮಗನ ಹೋಂಸ್ಟೇ ಉಂಟು. ಅವನ ಬೋಟ್‌ಗೆ ಬಾಡಿಗೆ ಟ್ರೇಲರಿನವರು ಹಾಗೇ ಮಾಡಿದರು.

ಬಾಡಿಗೆಗೆ ಬಂದದ್ದು ರೋಲರ್ ಇರುವ ಟ್ರೇಲರ್. ಅದು ಫೈಬರ್ ದೋಣಿಗೆ ಸರಿ. ಅಂಥ ದೋಣಿಯ ತಳದ ನಡುವೆ ಉದ್ದಕ್ಕೂ ಗಟ್ಟಿ ಏಣು (ಕೀಲ್) ಇರುತ್ತದೆ, ರೋಲರ್ ಮೇಲೆ ಭಾರ ಬಿದ್ದರೂ ತಡೆಯುತ್ತದೆ. ಪಾಂಟೂನ್ ನಿಂತಿರುವುದು ಎರಡು ಅಲ್ಯೂಮಿನಿಯಂ ಟ್ಯೂಬ್‌ಗಳ ಮೇಲೆ. ಆ ತಗಡಿನ ದಪ್ಪ ಸಾಮಾನ್ಯವಾಗಿ ಎರಡು, ಎರಡೂವರೆ ಮಿಲಿಮೀಟರ್ ಅಷ್ಟೇ. ಇಡೀ ಬೋಟಿನ ಭಾರ ಅಂಗೈಯಗಲದ ರೋಲರ್ ಮೇಲೆ ಕೂತರೆ ಟ್ಯೂಬ್ ಒಳಗೆ ತಗ್ಗದೆ ಇನ್ನೇನಾಗುತ್ತದೆ? ಇದಕ್ಕೆ ಬೇಕಾದ್ದು ಬಂಕ್ ಟ್ರೇಲರ್. ಅಂದರೆ ಟ್ಯೂಬಿನ ಉದ್ದಕ್ಕೂ ಕೆಳಗೆ ಆಸರೆ ಕೊಡುವ, ಕಾರ್ಪೆಟ್ ಸುತ್ತಿದ ಉದ್ದನೆಯ ಹಲಗೆಗಳಿರುವುದು. ತಮ್ಮ ಕೇಳಿದ್ದಕ್ಕೆ ಅವರು "ಎಂತ ಆಗುದಿಲ್ಲ ಮಾರಾಯ್ರೇ" ಎಂದು ರೋಲರ್‌ಗಳಿಗೆ ಹಳೆ ಟೈರಿನ ತುಂಡು ಕಟ್ಟಿದರು.

ಬೆಳಿಗ್ಗೆ ಭರತಕ್ಕೆ ಬರುತ್ತೇವೆ ಎಂದವರು ಬಂದದ್ದು ಮಧ್ಯಾಹ್ನ, ನೀರು ಇಳಿಯುವಾಗ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನಮ್ಮಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು ನಾಲ್ಕು ಅಡಿ ವ್ಯತ್ಯಾಸ. ಕೇಳಲು ಕಡಿಮೆ ಅನಿಸುತ್ತದೆ. ಆದರೆ ಎಂಟು ಅಡಿಗೆ ಒಂದು ಅಡಿ ಇಳಿಯುವ ಕಾಂಕ್ರೀಟ್ ರ‍್ಯಾಂಪಿನಲ್ಲಿ ನೀರಿನ ಅಂಚು ಮೂವತ್ತು ಅಡಿ ಆಚೆ ಹೋಗಿರುತ್ತದೆ. ಅಲ್ಲಿಗೆ ಕಾಂಕ್ರೀಟೇ ಮುಗಿದಿತ್ತು. ನೀರು ಸಾಲದು ಎಂದು ಇನ್ನೂ ಹಿಂದೆ ಬಿಟ್ಟರು. ಒಂದು ಚಕ್ರ ಕಾಂಕ್ರೀಟಿನ ಅಂಚು ದಾಟಿ ಕೆಸರಿಗೆ ಬಿತ್ತು, ಟ್ರೇಲರ್ ಓರೆಯಾಯಿತು. ಅದೇ ಸ್ಥಿತಿಯಲ್ಲಿ ಬೋಟನ್ನು ಎಳೆದರು. ಎಡಗಡೆಯ ಟ್ಯೂಬ್ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಹತ್ತಿತು.

ಮುಂದಿನದು ನೋಡಲಾಗಲಿಲ್ಲ. ವಿಂಚ್ (ಟ್ರೇಲರಿನಲ್ಲಿರುವ ಎಳೆಯುವ ರಾಟೆ) ಪಟ್ಟಿ ಬೋಟಿನ ಮುಂದಿನ ಕೊಂಡಿಗೆ ಎಟುಕಲಿಲ್ಲ ಎಂದು ರೇಲಿಂಗ್‌ಗೆ ಹಗ್ಗ ಕಟ್ಟಿ ಜಗ್ಗಿದರು. ರೇಲಿಂಗ್ ಇರುವುದು ಜನ ಬೀಳದಿರಲಿ ಎಂದು, ಬೋಟ್ ಎಳೆಯಲಿಕ್ಕಲ್ಲ ಅಲ್ವಾ? ಸ್ಕ್ರೂ ಸಮೇತ ಡೆಕ್ಕಿನಿಂದ ಕಿತ್ತು ಬಂತು. ಆಮೇಲೆ ಮತ್ತೆ ನೀರಿಗೆ ತಳ್ಳಿ ಇನ್ನೊಮ್ಮೆ ಎಳೆದರು. ಈ ಸಲ ಎಡಬದಿ ವಾಲುತ್ತಿತ್ತು. ಟ್ಯೂಬಿನ ವೆಲ್ಡಿಂಗ್ ಬಿರುಕು ಬಿಟ್ಟು ಒಂದು ಕೋಣೆಗೆ ನೀರು ನುಗ್ಗಿತ್ತು. ಟ್ಯೂಬಿನೊಳಗೆ ಬೇರೆಬೇರೆ ಕೋಣೆಗಳಿದ್ದ ಕಾರಣ ಬೋಟ್ ಮುಳುಗಲಿಲ್ಲ.

ಹಾಗಾಗಿ ಬುಕ್ ಮಾಡುವಾಗಲೇ ಟ್ರೇಲರಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಹಲಗೆಗಳ ನಡುವಿನ ಅಗಲ ನಿಮ್ಮ ಟ್ಯೂಬ್‌ಗಳಿಗೆ ಹೊಂದುತ್ತದೆಯೇ ಎಂದು ಟೇಪ್ ಹಿಡಿದು ನೋಡಿ. ಕತ್ತರಿ ಟ್ರೇಲರ್ ಅಂತ ಇನ್ನೊಂದು ಬಗೆ ಉಂಟು, ಟ್ಯೂಬ್‌ಗಳ ನಡುವೆ ನುಗ್ಗಿ ಡೆಕ್ಕನ್ನೇ ಕೆಳಗಿನಿಂದ ಎತ್ತುತ್ತದೆ. ಹತ್ತಿರದ ಶೆಡ್ಡಿಗೆ ಒಯ್ಯಲು ಪರವಾಗಿಲ್ಲ. ಅದರ ಚಕ್ರಗಳು ಹತ್ತಿರ ಹತ್ತಿರ ಇರುವುದರಿಂದ ಹೈವೇಯಲ್ಲಿ ಗಾಳಿಗೆ ತೂಗಾಡುತ್ತದೆ, ನಾನಂತೂ ಒಪ್ಪುವುದಿಲ್ಲ. ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್ ಮಾಡಿಸುವವರು ಹಲಗೆಗೆ ತಾಮ್ರದ ರಾಸಾಯನಿಕ ಕುಡಿಸಿದ ಮರ ಹಾಕಿಸಬೇಡಿ. ಅಳಿವೆಯ ಉಪ್ಪುನೀರಿನಲ್ಲಿ ನೆನೆದ ಕಾರ್ಪೆಟ್ ಬೇಗ ಒಣಗುವುದಿಲ್ಲ, ಆ ತಾಮ್ರ ಅಲ್ಯೂಮಿನಿಯಮ್ಮನ್ನು ಸದ್ದಿಲ್ಲದೆ ತಿನ್ನುತ್ತದೆ.

ಹೊತ್ತು ಬೆಳಗಿನದ್ದೇ ಒಳ್ಳೆಯದು. ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರು. ಪಾಂಟೂನ್ ಹಗುರ, ಮೇಲಿನ ಚಪ್ಪರ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಅದನ್ನು ಮೊದಲೇ ಮಡಚಿ. ಭರತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗದು. ನವಮಂಗಳೂರು ಬಂದರಿನ ಭರತ-ಇಳಿತದ ಪಟ್ಟಿ ನೋಡುವವರು ನದಿಯೊಳಗೆ ಭರತ ಇನ್ನೂ ತಡವಾಗಿ ಬರುತ್ತದೆ ಎಂಬುದನ್ನೂ ನೆನಪಿಡಿ.

ಟ್ರೇಲರನ್ನು ಪೂರ್ತಿ ಮುಳುಗಿಸಬಾರದು. ಹಲಗೆಗಳ ಮೂರರಲ್ಲಿ ಎರಡು ಪಾಲು ನೀರಿನಲ್ಲಿರಲಿ, ಮುಂದಿನ ತುದಿ ಹೊರಗೆ ಕಾಣಲಿ. ಜಾಸ್ತಿ ಮುಳುಗಿಸಿದರೆ ಬೋಟ್ ತೇಲುತ್ತಲೇ ಇರುತ್ತದೆ, ಮೇಲೆ ಎಳೆಯುವಾಗ ಒಂದು ಬದಿಗೆ ಸರಿದು ಕೂರುತ್ತದೆ. ಎಂಜಿನ್ ಜೋರು ಕೊಟ್ಟು ಹತ್ತಿಸುವ ಚಟ ಬೇಡ. ಪ್ರೊಪೆಲರಿನ ರಭಸಕ್ಕೆ ರ‍್ಯಾಂಪಿನ ತುದಿಯ ಮಣ್ಣು ಕೊಚ್ಚಿಹೋಗಿ ಗುಂಡಿ ಬೀಳುತ್ತದೆ. ನಮ್ಮ ಟ್ರೇಲರಿನ ಚಕ್ರ ಬಿದ್ದದ್ದೂ ಅಂಥ ಗುಂಡಿಗೇ ಇರಬೇಕು. ನಿಧಾನಕ್ಕೆ ತಂದು ಕೊನೆಯ ಕೆಲವು ಅಡಿ ವಿಂಚ್‌ನಲ್ಲಿ ಎಳೆಯಿರಿ. ಸೇಫ್ಟಿ ಚೈನ್ ಹಾಕಿ, ಮೋಟಾರ್ ಮೇಲೆ ಎತ್ತಿ. ಆಮೇಲೆ ಟ್ರೇಲರನ್ನು ಸ್ವಲ್ಪವೇ ಮುಂದೆ ತಂದು ನಿಲ್ಲಿಸಿ. ಎರಡೂ ಟ್ಯೂಬ್ ಹಲಗೆ ಮೇಲೆ ನೇರ ಕೂತಿದೆಯೇ ನೋಡಿ. ಓರೆ ಇದ್ದರೆ ವಾಪಸ್ ನೀರಿಗೆ ಬಿಡಿ. ನೀರಿನಿಂದ ಪೂರ್ತಿ ಹೊರಬಂದ ಮೇಲೆ ಅದನ್ನು ಪಕ್ಕಕ್ಕೆ ನೂಕಿ ಸರಿಮಾಡಲು ಹೋದರೆ ಟ್ಯೂಬೇ ಹಾಳು. ಪಾಚಿ ಹಿಡಿದ ರ‍್ಯಾಂಪಿನಲ್ಲಿ ಟ್ರೇಲರಿನ ಹಿಂದೆ ಯಾರನ್ನೂ ನಿಲ್ಲಿಸಬೇಡಿ.

ಈಗಾಗಲೇ ಪೆಟ್ಟು ಬಿದ್ದಿದ್ದರೆ ಗೇಟ್, ಗ್ರಿಲ್ ಮಾಡುವ ಅಂಗಡಿಗೆ ಕೊಡಬೇಡಿ. ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಬಲ್ಲವರೇ ಬೇಕು. ಕೋಣೆಯೊಳಗೆ 2–3 ಪಿಎಸ್‌ಐ ಗಾಳಿ ಹಾಕಿ, ಹೊರಗೆ ಸೋಪಿನ ನೀರು ಬಳಿದರೆ ಎಲ್ಲಿ ಸೋರುತ್ತದೆಂದು ಗುಳ್ಳೆ ತೋರಿಸುತ್ತದೆ. ಟೈರಿಗೆ ಹಾಕುವಷ್ಟು ಗಾಳಿ ಹಾಕಿದರೆ ಇದ್ದ ಟ್ಯೂಬೂ ಉಬ್ಬಿ ಹೋದೀತು.

ಹತ್ತಿಸುವ ಮುಂಚೆ ಟ್ಯೂಬ್‌ಗಳ ವಿಡಿಯೋ ತೆಗೆದಿಡುವುದೂ ಒಳ್ಳೆಯದು. ಟ್ರೇಲರಿನವರು ಮೊದಲು "ನಿಮ್ಮ ಬೋಟೇ ಹಳತು, ಮುಂಚೆಯೇ ತಗ್ಗಿತ್ತು" ಎಂದರು. ತಮ್ಮನ ಮಗ ಸುಮ್ನೆ ರೀಲ್ಸ್‌ಗೆ ಅಂತ ಎಲ್ಲ ತೆಗೆದಿದ್ದ. ಅದನ್ನು ನೋಡಿದ ಮೇಲೆ ಅರ್ಧ ಖರ್ಚು ಕೊಡುತ್ತೇವೆ ಎಂದಿದ್ದಾರೆ. ಇನ್ನೂ ಕೊಟ್ಟಿಲ್ಲ.