ಮಳೆಗಾಲದ ಮಿಂಚುಳ್ಳಿ ಫೋಟೋಗೆ ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನು ಓದಿ

ದಯವಿಟ್ಟು ಪೂರ್ತಿ ಓದಿ. ಕರಾವಳಿ ಕಡೆ ಓಡಿಕೆಎಫ್ ಅನ್ನುವ ಪುಟ್ಟ ಮಿಂಚುಳ್ಳಿಯ ಫೋಟೋ ತೆಗೆಯೋಕೆ ಯಾರಿಗಾದರೂ ದುಡ್ಡು ಕಳಿಸಲು ಹೊರಟಿದ್ದರೆ ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ದುಡ್ಡು ಹೋಯಿತು, ಅದು ಬೇರೆ ಮಾತು. ಒಂದು ಪಾಪದ ಕೆಲಸಕ್ಕೆ ನಾನೂ ಕೈ ಸೇರಿಸಿ ಬಂದೆ. ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ಈ ಹಕ್ಕಿ ಗೊತ್ತಿಲ್ಲದವರಿಗೆ ಎರಡು ಮಾತು. ಓಡಿಕೆಎಫ್ ಅಂದರೆ ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಶರ್. ಗುಬ್ಬಿಗಿಂತ ಚಿಕ್ಕದು, 13 ಸೆಂಟಿಮೀಟರ್ ಇದ್ದೀತು. ಹಳದಿ ಹೊಟ್ಟೆ, ಕಡುನೀಲಿ ರೆಕ್ಕೆ, ಬಾಲದ ಮೇಲೆ ನೇರಳೆ, ಹವಳದಂಥ ಕೊಕ್ಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಣ್ಣಿನ ದರೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಮರಿಗಳಿಗೆ ಹಾವುರಾಣಿ, ಸಣ್ಣ ಕಪ್ಪೆ, ಏಡಿ ತಂದು ಉಣಿಸುತ್ತದೆ. ಬಾಯಲ್ಲಿ ಹಾವುರಾಣಿ ಹಿಡಿದು ಪಾಚಿ ಕೊಂಬೆಯ ಮೇಲೆ ಕೂತ ಫೋಟೋ ಇದೆಯಲ್ಲ, ಅದೇ ಎಲ್ಲರಿಗೂ ಬೇಕು. ನನಗೂ ಅದೇ ಬೇಕಿತ್ತು.

ಗೆಳೆಯರೊಬ್ಬರು ಒಬ್ಬ ಗೈಡ್‌ನ ನಂಬರ್ ಕೊಟ್ಟರು. ಒಬ್ಬರಿಗೆ 3500, ಅಡ್ವಾನ್ಸ್ 2000. ಫೋನಿನಲ್ಲಿ ಆತ ಹೇಳಿದ್ದು ಇಷ್ಟೇ: ‘ಗ್ಯಾರಂಟಿ ಸರ್. ಬೇರೆ ಕಡೆ ಎರಡು ಸೆಕೆಂಡ್ ಕೂತು ಹೋಗ್ತದೆ. ನಮ್ಮಲ್ಲಿ ಹತ್ತು, ಹದಿನೈದು ನಿಮಿಷ ಪೋಸ್ ಕೊಡ್ತದೆ.’ ಆಗಲೇ ನನಗೆ ಅನುಮಾನ ಬರಬೇಕಿತ್ತು. ಕಾಡಿನ ಹಕ್ಕಿ ಅಷ್ಟು ಹೊತ್ತು ಪೋಸ್ ಯಾಕೆ ಕೊಡುತ್ತದೆ? ಕೇಳಲಿಲ್ಲ. ಫೋನ್‌ಪೇ ಮಾಡಿಬಿಟ್ಟೆ.

ಹುಬ್ಬಳ್ಳಿಯಿಂದ ರಾತ್ರಿ 2 ಗಂಟೆಗೆ ಹೊರಟು, ಅರಬೈಲ್ ಘಟ್ಟ ಇಳಿದು, ಬೆಳಗ್ಗೆ ಹೊತ್ತಿಗೆ ಕುಮಟಾ ದಾಟಿದೆವು. ಊರಿನ ಹೆಸರು ಬೇಕಂತಲೇ ಹೇಳುವುದಿಲ್ಲ. ಹೇಳಿದರೆ ಇನ್ನಷ್ಟು ಜನ ಅಲ್ಲಿಗೇ ಹೋಗುತ್ತಾರೆ.

ದಾರಿಯಲ್ಲಿ ಗದ್ದೆ ಪಕ್ಕದ ಕೆರೆ ಹತ್ತಿರ ಗೈಡ್ ಕಾರು ನಿಲ್ಲಿಸಲು ಹೇಳಿದ. ಕರೆಂಟ್ ತಂತಿ ಮೇಲೆ ನೀಲಿ ಮಿಂಚುಳ್ಳಿ ಒಂದು ಕೂತಿತ್ತು. ‘ಬ್ಲೂ ಇಯರ್ಡ್ ಕಿಂಗ್‌ಫಿಶರ್ ಸರ್! ಅಪರೂಪ. ಇದಕ್ಕೆ ಬೇರೆ ಚಾರ್ಜ್, 1000 ಕೊಡಿ ಸಾಕು.’ ಕೊಟ್ಟೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕಣ್ಣಿನ ಹಿಂದೆ ಕಿತ್ತಳೆ ಬಣ್ಣದ ಪಟ್ಟೆ ಚೆನ್ನಾಗಿ ಕಾಣುತ್ತಿದೆ. ಬೆಳೆದ ಬ್ಲೂ ಇಯರ್ಡ್‌ಗೆ ಅಲ್ಲಿ ನೀಲಿ ಇರಬೇಕು. ಹೆಸರೇ ನೀಲಿ ಕಿವಿ ಅಂತಲ್ವಾ? ಫೋಟೋ ಕಳಿಸಿ ಕೇಳಿದೆ. ‘ಅದು ಮರಿ ಸರ್, ಮರಿಗೆ ಕಿವಿ ಹತ್ರ ಕೆಂಪು ಇರ್ತದೆ’ ಅಂದ. ಮರಿಗೆ ಇರುವುದು ನಿಜ, ಅದಕ್ಕೇ ಈ ಉತ್ತರ ಇಟ್ಟುಕೊಂಡಿದ್ದಾನೆ. ಆದರೆ ಬ್ಲೂ ಇಯರ್ಡ್ ದಟ್ಟ ಕಾಡಿನೊಳಗಿನ ಹಳ್ಳದ ಹಕ್ಕಿ, ಮೈ ನೀಲಿಯೂ ಇನ್ನೂ ಗಾಢ. ಬಯಲು ಕೆರೆಯ ತಂತಿ ಮೇಲೆ ಕೂತಿದ್ದು ನಮ್ಮೂರ ಕೆರೆಯಲ್ಲೂ ಕಾಣುವ ಮಾಮೂಲಿ ಮಿಂಚುಳ್ಳಿ.

ಅದು ಹೋಗಲಿ. ಮುಖ್ಯ ವಿಷಯಕ್ಕೆ ಬರುತ್ತೇನೆ.

ಜಾಗ ತಲುಪಿದಾಗ ಜಿಟಿಜಿಟಿ ಮಳೆ. ಕೆಂಪು ಮಣ್ಣಿನ ದರೆ, ಅದರ ಎದುರು ಹಸಿರು ಬಲೆ ಕಟ್ಟಿದ ಹೈಡ್, ಅಂದರೆ ಅಡಗಿ ಕೂತು ಫೋಟೋ ತೆಗೆಯುವ ಮರೆ. ದರೆಯಿಂದ ಹದಿನೈದು ಅಡಿ ಇರಬಹುದು, ಅಷ್ಟೇ. ಒಳಗೆ ಆಗಲೇ ಇಬ್ಬರು ಕೂತಿದ್ದರು. ಬಿಲದ ಮುಂದೆ ಪಾಚಿ ಹಿಡಿದ ಕೊಂಬೆಯೊಂದನ್ನು ನೆಟ್ಟಿದ್ದರು. ಸುತ್ತ ಇದ್ದ ಗಿಡ ಎಲ್ಲ ಸವರಿ ಚೊಕ್ಕಟ ಮಾಡಿದ್ದರು.

ಹಕ್ಕಿ ಬಂತು. ಬಾಯಲ್ಲಿ ಹಾವುರಾಣಿ. ನನ್ನ ಕೈ ನಡುಗುತ್ತಿತ್ತು, ನಿಜವಾಗಲೂ. ಮೂವರೂ ಪಟಪಟ ಅಂತ ಹೊಡೆದದ್ದೇ ಹೊಡೆದದ್ದು. ಹಕ್ಕಿ ಬಿಲದ ಕಡೆ ಹಾರಿ ಹೋಗುತ್ತದೆ, ತಿರುಗಿ ಬಂದು ಕೊಂಬೆ ಮೇಲೆ ಕೂರುತ್ತದೆ. ಮತ್ತೆ ಹಾರುತ್ತದೆ, ಮತ್ತೆ ಬಂದು ಕೂರುತ್ತದೆ. ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ‘ನೋಡಿ ಸರ್, ಹೇಗೆ ಪೋಸ್ ಕೊಡ್ತದೆ’ ಅಂತ ಹಿಂದಿನಿಂದ ಆತ ಪಿಸುಗುಟ್ಟುತ್ತಿದ್ದ. ನಾನು ಖುಷಿಯಲ್ಲಿ ತಲೆಯಾಡಿಸಿದೆ. ಈಗ ಅದನ್ನು ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಕೊನೆಗೆ ಹಕ್ಕಿ ಆ ಹಾವುರಾಣಿಯನ್ನು ತಾನೇ ನುಂಗಿತು. ನುಂಗಿ ಹಾರಿಹೋಯಿತು.

ಮರಿಗೆ ಅಂತ ತಂದದ್ದನ್ನು ತಾನೇ ಯಾಕೆ ತಿಂತು? ನನಗೆ ಅರ್ಥ ಆಗಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಫೋಟೋ ಹಿಂದಕ್ಕೆ ಹೋಗಿ ನೋಡಿದೆ. ಒಂದರಲ್ಲಿ ಅಂಚಿಗೆ ಬಿಲದ ಬಾಯಿ ಬಂದಿತ್ತು. ದೊಡ್ಡದು ಮಾಡಿದೆ. ಬಿಲ ಅಂದರೆ ಕಪ್ಪಗೆ ಕಾಣಬೇಕು ಅಲ್ವಾ? ಇದು ಕಂದು ಬಣ್ಣಕ್ಕಿತ್ತು. ಇನ್ನೂ ದೊಡ್ಡದು ಮಾಡಿದೆ. ನಾರು ಕಂಡಿತು. ಒದ್ದೆ ತೆಂಗಿನ ಸಿಪ್ಪೆ. ಬಿಲದ ಬಾಯಿಗೆ ತೆಂಗಿನ ಸಿಪ್ಪೆ ತುರುಕಿದ್ದಾರೆ.

ಪೋಸ್ ಅಲ್ಲ ಅದು. ಒಳಗೆ ಮರಿಗಳು ಹಸಿದು ಕೂತಿವೆ, ತಾಯಿಗೋ ತಂದೆಗೋ ಒಳಗೆ ಹೋಗಲು ದಾರಿ ಇಲ್ಲ. ಫೋಟೋಗಳ ಸಮಯ ನೋಡಿದೆ. ಮೊದಲನೆಯದು 9:12, ಕೊನೆಯದು 9:51. ಮೂವತ್ತೊಂಬತ್ತು ನಿಮಿಷ. 214 ಫೋಟೋ.

ನಾನು ಎದ್ದು ನಿಂತು ಕೇಳಿದೆ, ‘ಏನ್ರೀ ಇದು?’

‘ಮೆಲ್ಲಗೆ ಮಾತಾಡಿ ಸರ್. ಸುಮ್ನೆ ಅರ್ಧ ಗಂಟೆ, ಆಮೇಲೆ ತೆಗೀತೇನೆ. ಇಲ್ಲಾಂದ್ರೆ ಸೀದಾ ಒಳಗೆ ಹೋಗ್ತದೆ, ನಿಮಗೇ ಫೋಟೋ ಸಿಗೋದಿಲ್ಲ.’

‘ಮರಿಗಳ ಗತಿ?’

‘ಏನಾಗೋದಿಲ್ಲ ಸರ್. ದಿನಾ ಮಾಡ್ತೇವೆ.’

ದಿನಾ ಮಾಡ್ತೇವೆ! ದಿನಕ್ಕೆ ಎರಡು ಬ್ಯಾಚ್ ಅಂತ ಅವನೇ ಫೋನಿನಲ್ಲಿ ಹೇಳಿದ್ದ. ಪಕ್ಕದಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರು ನನಗೇ ಗದರಿದರು, ‘ನಿಮ್ಮದು ಆಯ್ತಲ್ಲ, ನಮಗೆ ಇನ್ನೊಂದು ಆ್ಯಂಗಲ್ ಬೇಕು, ಕೂತ್ಕೊಳ್ಳಿ’ ಅಂತ. ನಾನೇ ಹೋಗಿ ಸಿಪ್ಪೆ ಕಿತ್ತು ಬಿಸಾಕಿದೆ. ದೂರ ಬಂದು ರಸ್ತೆಯಲ್ಲಿ ನಿಂತೆ. ಹಕ್ಕಿ ಮತ್ತೆ ಬಂತೋ ಇಲ್ಲವೋ, ನೋಡಲು ಧೈರ್ಯ ಆಗಲಿಲ್ಲ.

ಮನೆಗೆ ಬಂದು ದುಡ್ಡು ವಾಪಸ್ ಕೊಡಿ ಅಂತ ಮೆಸೇಜ್ ಮಾಡಿದೆ. ಬಂದ ಉತ್ತರ ಹಾಗೇ ಬರೆಯುತ್ತೇನೆ: ‘ಫೋಟೋ ಹೊಡ್ಕೊಂಡಾಯ್ತಲ್ಲ ಸರ್, ಈಗ ಹಕ್ಕಿ ಮೇಲೆ ಪ್ರೀತಿ ಬಂತಾ? ಅಷ್ಟಿದ್ರೆ ಫೋಟೋ ಡಿಲೀಟ್ ಮಾಡಿ ತೋರಿಸಿ.’ ಆಮೇಲೆ ಬ್ಲಾಕ್. ಎರಡು ದಿನ ಆ ಮಾತು ತಲೆಯಿಂದ ಹೋಗಲಿಲ್ಲ. ಅವನು ಕಳ್ಳನೇ, ಆದರೆ ಆ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಂಬರ್ ಕೊಟ್ಟ ಗೆಳೆಯರಿಗೆ ಹೇಳಿದರೆ ‘ಎಲ್ಲ ಕಡೆ ಹೀಗೇ ಕಣಪ್ಪಾ, ನೀನು ಜಾಸ್ತಿ ತಲೆ ಕೆಡಿಸ್ಕೋಬೇಡ’ ಅಂದರು. ಅವರ ವಾಟ್ಸಾಪ್ ಡಿಪಿ ನೋಡಿದೆ. ಅದೇ ಹಕ್ಕಿ. ಅದೇ ಪಾಚಿ ಕೊಂಬೆ, ಬಲಗಡೆ ಕವಲೊಡೆದದ್ದು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದರಲ್ಲಿ ಬೇಟೆ ಅನ್ನುವ ಪದದ ಅರ್ಥದಲ್ಲೇ ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಬೇಟೆ! ನಾನು ದುಡ್ಡು ಕೊಟ್ಟು ಹೋಗಿದ್ದು ಅದಕ್ಕೆ.

ಗೂಡಿನ ಹತ್ತಿರ ಕರೆದೊಯ್ಯುತ್ತೇನೆ ಅಂದರೆ ಬೇಡ ಅನ್ನಿ. ಗ್ಯಾರಂಟಿ ಅಂದರೆ ಹೇಗೆ ಅಂತ ಕೇಳಿ, ಎರಡು ಸಲ ಕೇಳಿ. ಬಾಯಲ್ಲಿ ಆಹಾರ ಹಿಡಿದ ಹಕ್ಕಿ ಒಳಗೆ ಹೋಗದೆ ಸುತ್ತುತ್ತಿದ್ದರೆ ಕ್ಯಾಮೆರಾ ಇಳಿಸಿ, ಎದ್ದು ಹೊರಡಿ. ಒಳ್ಳೆಯ ಗೈಡ್‌ಗಳೂ ಇದ್ದಾರೆ. ‘ಇವತ್ತು ಸಿಗದೇ ಇರಬಹುದು’ ಅಂತ ಮೊದಲೇ ಹೇಳುವವರು. ಅಂಥವರ ಜೊತೆ ನಾನು ಮೊದಲು ಹೋಗಿದ್ದೆ, ಅದೇ ನನಗೆ ಸಾಕಾಗಲಿಲ್ಲ.

ಸ್ಟೇಟಸ್‌ಗೆ ಹಾಕಿದ್ದ ಫೋಟೋ ತೆಗೆದಿದ್ದೇನೆ. ಆದರೆ ಕಾರ್ಡ್‌ನಲ್ಲಿರುವ 214 ಫೋಟೋ ಅಳಿಸಿಲ್ಲ. ಸಮಯದ ಸಮೇತ, ಸಿಪ್ಪೆ ಸಮೇತ ಎಲ್ಲ ಇದೆ. ಅಲ್ಲಿನ ವಲಯ ಅರಣ್ಯಾಧಿಕಾರಿಗೆ ದೂರು ಬರೆಯುತ್ತಿದ್ದೇನೆ, ನನ್ನ ಹೆಸರು ಹಾಕಿಯೇ. ಬಲಗಡೆ ಕವಲೊಡೆದ ಆ ಪಾಚಿ ಕೊಂಬೆ ನಿಮ್ಮ ಫೋಟೋದಲ್ಲೂ ಇದ್ದರೆ ನನಗೆ ಮೆಸೇಜ್ ಮಾಡಿ. ನಿಮ್ಮದನ್ನೂ ಸೇರಿಸಿ ಕಳಿಸೋಣ.