ಬಿಸಿಯಾದ ಸೋಲಾರ್ ಬ್ಯಾಟರಿಗೆ ಯಾವ ಮೀಟರ್? ಗೋವಾದಲ್ಲಿ ಬಳಸಿ ನೋಡಿ ಮಾಡಿದ ಹೋಲಿಕೆ

ಬ್ಯಾಟರಿ ಕಾಯುತ್ತಿದೆ ಅಂತ ಯಾರಾದರೂ ಫೋನ್ ಮಾಡಿದರೆ, ಎಷ್ಟು ಡಿಗ್ರಿ ಅಂತ ನಾನು ಮೊದಲು ಕೇಳುವುದಿಲ್ಲ. ಎಲ್ಲಿ ಬಿಸಿ ಅಂತ ಕೇಳುತ್ತೇನೆ. ಒಂದು ಟರ್ಮಿನಲ್ ಮಾತ್ರ ಸುಡುತ್ತಿದೆಯಾ? ಒಂದೇ ಬ್ಯಾಟರಿಯಾ? ಇಡೀ ಸಾಲಾ? ಈ ಮೂರೂ ಬೇರೆ ಬೇರೆ ರೋಗ. ಒಂದೊಂದಕ್ಕೂ ಬೇರೆ ಮೀಟರ್ ಬೇಕು.

ವಾಸ್ಕೋ, ಜುವಾರಿನಗರದಿಂದ ಕಾಣಕೋಣದವರೆಗೆ ನಮ್ಮ ಕನ್ನಡದವರ ಮನೆ, ಅಂಗಡಿ, ಹೋಮ್‌ಸ್ಟೇಗಳಲ್ಲಿ ಸೋಲಾರ್ ನೋಡಿಕೊಳ್ಳುತ್ತೇನೆ. ನನಗೆ ಹೆಚ್ಚಾಗಿ ಸಿಗುವುದು 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ, ಅಂದರೆ ಮುಚ್ಚಳ ತೆಗೆದು ನೀರು ಹಾಕುವ ಸೀಸ-ಆಸಿಡ್ ಬ್ಯಾಟರಿ. ನಾಲ್ಕನ್ನು ಸೀರೀಸ್‌ನಲ್ಲಿ ಜೋಡಿಸಿದ 48 ವೋಲ್ಟ್ ಸಾಲು, ಅಂಥ ಎರಡು ಸಾಲು ಪ್ಯಾರಲಲ್. ಇಡುವುದು ಮಾತ್ರ ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ. ಏಪ್ರಿಲ್, ಮೇ ತಿಂಗಳ ಸೆಕೆ ಒಂದು ಕಡೆ, ಸಮುದ್ರದ ಉಪ್ಪು ಗಾಳಿಗೆ ಕೇಬಲ್ ತುದಿಯ ಲೋಹದ ಕೊಂಡಿಗಳಾದ ಲಗ್‌ಗಳಿಗೆ ಹಿಡಿಯುವ ಕಿಲುಬು ಇನ್ನೊಂದು ಕಡೆ. ಬಿಸಿ ತಡೆಯುವುದು ಯಾಕೆ ಮುಖ್ಯ ಅಂದರೆ, ಬ್ಯಾಟರಿಯ ಉಷ್ಣತೆ ಸದಾ 8ರಿಂದ 10 ಡಿಗ್ರಿ ಜಾಸ್ತಿ ಇದ್ದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಾಲ ಮಾಡಿ ಬ್ಯಾಟರಿ ಹಾಕಿಸಿದವರಿಗೆ ಇದು ಸಣ್ಣ ಮಾತಲ್ಲ.

ಎಲ್ಲರೂ ಮೊದಲು ಕೊಳ್ಳುವುದು ಐಆರ್ ಗನ್, ಅಂದರೆ ದೂರದಿಂದಲೇ ಉಷ್ಣತೆ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್. ಟ್ರಿಗರ್ ಒತ್ತಿದರೆ ಅಂಕಿ ಬರುತ್ತದೆ, ಮುಟ್ಟುವ ಭಯವಿಲ್ಲ. ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊಳೆಯುವ ಲಗ್ ಮೇಲೆ ಮಾತ್ರ ನಂಬಬೇಡಿ. ಹೊಳೆಯುವ ಲೋಹ ತನ್ನ ಬಿಸಿಯನ್ನು ಕಡಿಮೆ ಹೊರಹಾಕುತ್ತದೆ, ಸುತ್ತಲಿನದ್ದನ್ನು ಜಾಸ್ತಿ ಪ್ರತಿಫಲಿಸುತ್ತದೆ. ಹಾಗಾಗಿ ಕೈ ಸುಡುವ ಲಗ್ಗನ್ನೂ ಗನ್ ತಣ್ಣಗಿದೆ ಅಂತ ತೋರಿಸುತ್ತದೆ. ಲಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್‌ನ ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಟೇಪ್ ಮೇಲೆ ಅಳೆಯಿರಿ. ವ್ಯತ್ಯಾಸ ನೋಡಿ ಬೆರಗಾಗುತ್ತೀರಿ. ದೂರವೂ ಮುಖ್ಯ. 12:1 ಅಂತ ಬರೆದಿರುವ ಗನ್ ಅನ್ನು 30 ಸೆಂ.ಮೀ. ದೂರ ಹಿಡಿದರೆ 2.5 ಸೆಂ.ಮೀ. ಅಗಲದ ಜಾಗದ ಸರಾಸರಿ ಬರುತ್ತದೆ. ಲಗ್ ಅದಕ್ಕಿಂತ ಚಿಕ್ಕದಾದರೆ ಪಕ್ಕದ್ದೂ ಸೇರಿಬಿಡುತ್ತದೆ.

ಮಲ್ಟಿಮೀಟರ್‌ಗೆ ಸಿಕ್ಕಿಸುವ ಕೆ ಟೈಪ್ ಥರ್ಮೋಕಪಲ್, ಅಂದರೆ ತುದಿಯಲ್ಲಿ ಉಷ್ಣತೆ ಅಳೆಯುವ ತಂತಿ, ನಿಧಾನ, ಆದರೆ ನಿಜ ಹೇಳುತ್ತದೆ. ಡಬ್ಬಿಯ ಪಕ್ಕದಲ್ಲಿ, ಆಸಿಡ್ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಅಂಟಿಸಿ, ಚಾರ್ಜ್ ಮುಗಿಯುವವರೆಗೆ ಅಲ್ಲೇ ಬಿಡುತ್ತೇನೆ. ಅದರ ತುದಿ ಬರಿಯ ಲೋಹ. ಟರ್ಮಿನಲ್‌ಗೆ ನೇರ ತಾಗಿಸಬಾರದು, ನಡುವೆ ಟೇಪ್ ಇರಲೇಬೇಕು. ಒಂದು ಬ್ಯಾಟರಿ ದಿನವಿಡೀ ಹೇಗೆ ಏರುತ್ತದೆ ಅಂತ ತಿಳಿಯಲು ಗನ್‌ಗಿಂತ ಇದೇ ಮೇಲು. ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದೂ ನೋಡಿದ್ದೇನೆ. ಇಡೀ ಸಾಲನ್ನು ಒಂದೇ ಚಿತ್ರದಲ್ಲಿ ತೋರಿಸುತ್ತದೆ, ನಿಜ. ಹೊಳೆಯುವ ಲೋಹದ ತೊಂದರೆ ಅದಕ್ಕೂ ಇದೆ. ಎಂಟು ಬ್ಯಾಟರಿಗೆ ಅಷ್ಟು ದುಡ್ಡು ಬೇಡ.

ಈ ಮೂರಕ್ಕೂ ಇರುವ ಮಿತಿ ಒಂದೇ. ಇವು ಬಿಸಿ ಎಲ್ಲಿದೆ ಅಂತ ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಎಷ್ಟೋ ಸಲ ಬಿಸಿ ಕಾಣುವ ಜಾಗ ಒಂದು, ತಪ್ಪಿರುವ ಜಾಗ ಇನ್ನೊಂದು.

ಕಾಣಕೋಣದ ಒಂದು ಹೋಮ್‌ಸ್ಟೇ. ನಡೆಸುವವರು ಹಾವೇರಿ ಕಡೆಯವರು. "ಅಣ್ಣಾರ, ಒಂದ್ ಸಾಲಿನ ಬ್ಯಾಟ್ರಿ ಮ್ಯಾಲೆ ಕೈ ಇಡಾಕ ಆಗವಲ್ದು, ಇನ್ನೊಂದ್ ಸಾಲು ತಣ್ಣಗೈತಿ" ಅಂದರು. ಗನ್ ಕೂಡ ಅದನ್ನೇ ಹೇಳಿತು. ಬಿಸಿ ಸಾಲಿನ ಬ್ಯಾಟರಿಗಳನ್ನೇ ಬದಲಿಸಿ ಅಂತ ಅಂಗಡಿಯವರೊಬ್ಬರು ಆಗಲೇ ಸಲಹೆ ಕೊಟ್ಟಿದ್ದರಂತೆ. ನಾನು ಕೇಬಲ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ತೆಗೆದು ಎರಡೂ ಸಾಲಿನ ಕೇಬಲ್‌ಗೆ ಹಾಕಿದೆ. ಹೆಚ್ಚುಕಡಿಮೆ ಸಮ ಇರಬೇಕಾದ ಕರೆಂಟು ಬಿಸಿ ಸಾಲಿನಲ್ಲಿ ಇನ್ನೊಂದರ ಮೂರು ಪಟ್ಟು ಹರಿಯುತ್ತಿತ್ತು. ಕಿಲುಬು ಹಿಡಿದ ಲಗ್ ಇದ್ದದ್ದು ತಣ್ಣಗಿನ ಸಾಲಿನಲ್ಲಿ! ಅದು ತನ್ನ ಪಾಲು ಹೊರಲಾಗದೆ ಒಳ್ಳೆಯ ಸಾಲಿನ ಮೇಲೆ ಹಾಕಿತ್ತು. ಲಗ್ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಮೇಲೆ ಎರಡೂ ಸಾಲು ಸಮಕ್ಕೆ ಬಂದವು. ಕ್ಲ್ಯಾಂಪ್ ಕೊಳ್ಳುವಾಗ ಡಿಸಿ ಅಳೆಯುತ್ತದಾ ಅಂತ ಕೇಳಿ. ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ಈ ಕೆಲಸಕ್ಕೆ ಬಾರವು.

ಕೆಟ್ಟ ಜಾಯಿಂಟ್ ಹಿಡಿಯಲು ಸಾದಾ ಮಲ್ಟಿಮೀಟರ್ ಸಾಕು. ಮಿಲಿವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಲಗ್ ಮೇಲೆ. ಲೋಡ್ ಓಡುತ್ತಿರಬೇಕು. 50 ಆಂಪ್ ಹೋಗುವಾಗ 100 ಮಿಲಿವೋಲ್ಟ್ ಬಂದರೆ ಆ ಚಿಕ್ಕ ಜಾಗದಲ್ಲಿ 5 ವ್ಯಾಟ್ ಬಿಸಿ ಹುಟ್ಟುತ್ತಿದೆ ಅಂತ ಅರ್ಥ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಎಲ್ಲ ಜಾಯಿಂಟನ್ನೂ ಒಂದೇ ಲೋಡಿನಲ್ಲಿ ಅಳೆದರೆ ಕೆಟ್ಟದ್ದು ತಾನಾಗಿ ಎದ್ದು ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಹೈಡ್ರೋಮೀಟರ್. ಆಸಿಡ್ ಎಷ್ಟು ಸಾಂದ್ರವಾಗಿದೆ ಅಂತ ಅಳೆಯುವ, ಕೆಲವೇ ನೂರು ರೂಪಾಯಿಯ ಗಾಜಿನ ಕೊಳವೆ. ಹೊಸ ಹುಡುಗರು ಇದನ್ನು ಹಳೇ ಕಾಲದ್ದು ಅಂತ ಬದಿಗಿಡುತ್ತಾರೆ, ನನಗೆ ಬೇಜಾರಾಗುತ್ತದೆ. ಸೆಲ್‌ನ (ಬ್ಯಾಟರಿಯೊಳಗಿನ ಒಂದೊಂದು ಖಾನೆಯ) ಒಳಗಿನ ಸುದ್ದಿ ತರುವುದು ಇದೊಂದೇ. ನಮ್ಮಲ್ಲಿ ಸಿಗುವ ಟ್ಯೂಬುಲರ್‌ನಲ್ಲಿ ಪೂರ್ತಿ ಚಾರ್ಜ್ ಆದಾಗ ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ಆಸಿಡ್ ಎಷ್ಟು ಸಾಂದ್ರ ಅನ್ನುವ ಅಂಕಿ) 27 ಡಿಗ್ರಿಯಲ್ಲಿ ಸುಮಾರು 1.240 ಇರುತ್ತದೆ. ಲೇಬಲ್ ನೋಡಿಕೊಳ್ಳಿ. ಬಿಸಿ ಇದ್ದಾಗ ಡಿಗ್ರಿಗೆ 0.0007 ಸೇರಿಸಬೇಕು. 42 ಡಿಗ್ರಿಯಲ್ಲಿ 1.230 ತೋರಿಸಿದರೆ ಅದು ನಿಜಕ್ಕೂ 1.240. ಈ ಲೆಕ್ಕ ಬಿಟ್ಟರೆ ಚೆನ್ನಾಗಿರುವ ಬ್ಯಾಟರಿಯನ್ನು ಕೆಟ್ಟಿದೆ ಅಂದುಬಿಡುತ್ತೀರಿ. ನೀರು ಹಾಕಿದ ಕೂಡಲೇ ಅಳೆಯಬೇಡಿ, ಚಾರ್ಜ್ ಆಗಿ ಬೆರೆಯಲಿ. ಕನ್ನಡಕ, ಗ್ಲೌಸ್ ಇಲ್ಲದೆ ಮುಚ್ಚಳ ತೆಗೆಯಬೇಡಿ.

ಒಂದು ಸೆಲ್ ಶಾರ್ಟ್ ಆದಾಗ ಇದರ ಬೆಲೆ ಗೊತ್ತಾಗುತ್ತದೆ. 48 ವೋಲ್ಟ್ ಸಾಲಿನಲ್ಲಿ 24 ಸೆಲ್. ಪ್ಯಾನೆಲ್ ಕಡೆಯಿಂದ ಬರುವ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಕೊಡುವ 57.6 ವೋಲ್ಟ್ ಹಂಚಿದರೆ ಒಂದೊಂದಕ್ಕೆ 2.4. ಒಂದು ಸತ್ತರೆ ಉಳಿದ 23ಕ್ಕೆ 2.5. ಆ 23 ದಿನವೂ ಓವರ್‌ಚಾರ್ಜ್ ಆಗಿ ಕುದಿಯುತ್ತವೆ, ನೀರು ಬೇಗ ಖಾಲಿ, ಸಾಲಿಗೆ ಸಾಲೇ ಬಿಸಿ. ಗನ್ ಹಿಡಿದರೆ ಎಲ್ಲವೂ ಅಪರಾಧಿಗಳ ಹಾಗೆ ಕಾಣುತ್ತವೆ. ಹೈಡ್ರೋಮೀಟರ್ ಮಾತ್ರ ಒಂದೊಂದೇ ಸೆಲ್ ಕೇಳುತ್ತಾ ಹೋಗಿ, 1.235ರ ನಡುವೆ 1.150 ಇರುವುದನ್ನು ತೋರಿಸುತ್ತದೆ. ಚಾರ್ಜ್ ಕೊನೆಯಲ್ಲಿ ಆ ಸೆಲ್‌ನಲ್ಲಿ ಗುಳ್ಳೆಯೂ ಏಳುವುದಿಲ್ಲ.

ಎಂಟೂ ಬ್ಯಾಟರಿ ಸಮನಾಗಿ ಬಿಸಿ, ಗ್ರ್ಯಾವಿಟಿ ಸರಿ, ಜಾಯಿಂಟ್ ಸರಿ ಅಂದರೆ ಕಂಟ್ರೋಲರ್‌ನ ಟೆಂಪರೇಚರ್ ಸೆನ್ಸರ್ ಹುಡುಕಿ. ಎಷ್ಟೋ ಕಡೆ ಅದು ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಸೆನ್ಸರ್ ಇಲ್ಲದಿದ್ದರೆ ಅನೇಕ ಕಂಟ್ರೋಲರ್‌ಗಳು 25 ಡಿಗ್ರಿ ಅಂತಲೇ ತಿಳಿಯುತ್ತವೆ. ಸೆಲ್‌ಗೆ ಡಿಗ್ರಿಗೆ 4 ಮಿಲಿವೋಲ್ಟ್ ಇಳಿಸಬೇಕಾದ ಬ್ಯಾಟರಿಗೆ 40 ಡಿಗ್ರಿಯಲ್ಲಿ 57.6 ಬದಲು ಸುಮಾರು 56.2 ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟದ್ದೇ ಬಿಸಿಗೆ ಕಾರಣ. ಇಲ್ಲಿ ಮಲ್ಟಿಮೀಟರ್ ಒಂದೇ ಸಾಕ್ಷಿ.

ಟ್ಯೂಬುಲರ್ ಇರುವವರು ಹೈಡ್ರೋಮೀಟರ್ ಮತ್ತು ಥರ್ಮೋಕಪಲ್ ಹಾಕಬಹುದಾದ ಡಿಸಿ ಕ್ಲ್ಯಾಂಪ್ ಮೀಟರ್ ಮೊದಲು ಕೊಳ್ಳಿ. ಗನ್ ಆಮೇಲೆ, ಕೈಯಲ್ಲಿ ದುಡ್ಡಿದ್ದರೆ.

ಸೀಲ್ಡ್ ಬ್ಯಾಟರಿ ಇದ್ದರೆ ಮುಚ್ಚಳವಿಲ್ಲ, ಹೈಡ್ರೋಮೀಟರ್ ನಡೆಯುವುದಿಲ್ಲ. ಅಲ್ಲಿ ಕ್ಲ್ಯಾಂಪ್ ಮೀಟರ್ ಮೇಲೆಯೇ ಕಣ್ಣಿರಲಿ. ಚಾರ್ಜ್ ಆಗುವಾಗ ವೋಲ್ಟೇಜ್ ಏರಿ ಒಂದು ಮಟ್ಟದಲ್ಲಿ ನಿಂತಮೇಲೆ ಕರೆಂಟು ಇಳಿಯುತ್ತಾ ಹೋಗಬೇಕು. ಬದಲಿಗೆ ಏರತೊಡಗಿ, ಡಬ್ಬಿಯೂ ಬಿಸಿಯಾಗುತ್ತಿದ್ದರೆ ಅದು ಥರ್ಮಲ್ ರನ್‌ಅವೇ ಲಕ್ಷಣ. ಬಿಸಿ ಕರೆಂಟು ಎಳೆಯುತ್ತದೆ, ಕರೆಂಟು ಬಿಸಿ ಹೆಚ್ಚಿಸುತ್ತದೆ. ಯಾವ ಬ್ಯಾಟರಿಯೇ ಆಗಲಿ, 50 ಡಿಗ್ರಿ ಮುಟ್ಟಿದರೆ, ಡಬ್ಬಿ ಉಬ್ಬಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಪ್ಯಾನೆಲ್ ಕಡೆಯ ಬ್ರೇಕರ್ ಇಳಿಸಿ. ಇನ್ವರ್ಟರ್‌ನಲ್ಲಿ ಕರೆಂಟಿನಿಂದ ಚಾರ್ಜ್ ಆಗುತ್ತಿದ್ದರೆ ಅದನ್ನೂ ನಿಲ್ಲಿಸಿ. ಬಾಗಿಲು ತೆರೆದು ಹೊರಗೆ ಬನ್ನಿ. ಆಗ ಟರ್ಮಿನಲ್ ಬಿಚ್ಚಲು ಹೋಗಬೇಡಿ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.