ರೇಡಿಯೇಟರ್ ಕಳಚುವ ಮುನ್ನ ಓದಿ: ನಕ್ಷತ್ರದ ಗುರುತಿಗೆ ತಿರುಗಿಸಿದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ

ಬ್ರಿಟನ್‌ನಲ್ಲಿರುವ ಕನ್ನಡದವರು, ಅದರಲ್ಲೂ ಹಳೇ ಮನೆ ಕೊಂಡು ಈಗಷ್ಟೇ ಬಣ್ಣ, ವಾಲ್‌ಪೇಪರ್ ಕೆಲಸಕ್ಕೆ ಕೈ ಹಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೋಡೆಗೆ ಸರಿಯಾಗಿ ಬಣ್ಣ ಹೊಡೆಯಬೇಕೆಂದರೆ, ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರನ್ನು ಗೋಡೆಯಿಂದ ಕಳಚಬೇಕಾಗುತ್ತದೆ. ಅದೇನೂ ದೊಡ್ಡ ಕಷ್ಟದ ಕೆಲಸವಲ್ಲ. ಆದರೆ ಕಳಚಿದ ಮೇಲೆ ಪೈಪಿನ ತುದಿಯಲ್ಲಿ ಥರ್ಮೋಸ್ಟಾಟ್ ವಾಲ್ವ್ ಉಳಿಯುತ್ತದೆ, 1ರಿಂದ 5ರವರೆಗೆ ಅಂಕಿ ಇರುತ್ತದಲ್ಲ, ಅದು. ಅದನ್ನು ಸೊನ್ನೆಗೋ ನಕ್ಷತ್ರದ ಗುರುತಿಗೋ ತಿರುಗಿಸಿ, ನೀರು ಬಂದ್ ಆಯಿತು ಎಂದು ನಂಬಬೇಡಿ. ಚಳಿ ಜಾಸ್ತಿಯಾದರೆ ಅದು ತಾನಾಗಿಯೇ ತೆರೆದುಕೊಳ್ಳಬಹುದು.

ನಮ್ಮದು 1930ರ ದಶಕದ ಸೆಮಿ ಮನೆ, ಅಂದರೆ ಪಕ್ಕದ ಮನೆಯೊಂದಿಗೆ ಒಂದು ಗೋಡೆ ಹಂಚಿಕೊಂಡಿರುವುದು. ಮಹಡಿಯ ಹಿಂದಿನ ಕೋಣೆಗೆ ಬಣ್ಣ ಹೊಡೆಯಲು ಬಂದವರು, ರೇಡಿಯೇಟರನ್ನೂ ತಾವೇ ಕಳಚಿಕೊಡುತ್ತೇವೆ ಎಂದರು. ಒಂದು ತುದಿಯಲ್ಲಿ ನೀರಿನ ಹರಿವನ್ನು ಹೊಂದಿಸುವ ಲಾಕ್‌ಶೀಲ್ಡ್ ವಾಲ್ವನ್ನು ಸ್ಪ್ಯಾನರ್‌ನಿಂದ ಬಿಗಿಯಾಗಿ ಮುಚ್ಚಿದರು. ಅದು ಸರಿಯಾಗಿತ್ತು. ಇನ್ನೊಂದು ತುದಿಯ ಥರ್ಮೋಸ್ಟಾಟ್ ವಾಲ್ವನ್ನು ನಕ್ಷತ್ರಕ್ಕೆ ತಿರುಗಿಸಿದರು, ಅಷ್ಟೇ. ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ವಾಲ್ವ್‌ಗಳ ಬಾಯಿಗೆ ಮುಚ್ಚಳವನ್ನೂ ಹಾಕದೆ, ಬಣ್ಣ ಒಣಗಲಿ ಎಂದು ಕಿಟಕಿ ತೆರೆದಿಟ್ಟು ಹೋದರು. ನಾವು ವಾರಾಂತ್ಯಕ್ಕೆ ಲೆಸ್ಟರ್‌ನ ಸ್ನೇಹಿತರ ಮನೆಗೆ ಹೋಗಿದ್ದೆವು. ಆ ರಾತ್ರಿ ಹೊರಗೆ ಹಿಮಗಟ್ಟುವ ಚಳಿ.

ವಾಪಸ್ ಬಂದು ಬಾಗಿಲು ತೆಗೆದರೆ ಕೆಳಗಿನ ಹಾಲ್‌ನ ಚಾವಣಿ ಉಬ್ಬಿ ಜೋತಾಡುತ್ತಿತ್ತು. ಲೈಟ್ ತೂಗುಬಿಟ್ಟ ವೈರಿನ ಉದ್ದಕ್ಕೂ ನೀರು ಇಳಿಯುತ್ತಿತ್ತು. ಅದೂ ತಿಳಿನೀರಲ್ಲ, ಕಡುಗಪ್ಪು. ರೇಡಿಯೇಟರ್‌ನ ಉಕ್ಕು ಒಳಗಿನಿಂದ ಸವೆದು, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಆಗಿ ನೀರಿನಲ್ಲಿ ಸೇರಿಕೊಂಡಿರುತ್ತದೆ. ಕಾರ್ಪೆಟ್‌ಗೆ ಹತ್ತಿದರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮೊದಲು ಫ್ಯೂಸ್ ಬಾಕ್ಸ್‌ನ ಮೇನ್ ಸ್ವಿಚ್ ಆಫ್ ಮಾಡಿದೆವು. ಅಡುಗೆಮನೆ ಸಿಂಕ್ ಕೆಳಗಿನ ಸ್ಟಾಪ್‌ಕಾಕ್, ಅಂದರೆ ಮನೆಗೆ ಬರುವ ನೀರಿನ ಮುಖ್ಯ ವಾಲ್ವ್, ಮುಚ್ಚಿದೆವು. ಆಮೇಲೆ ಬಕೆಟ್ ಇಟ್ಟು, ಉಬ್ಬಿದ ಚಾವಣಿಗೆ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ನೀರು ಇಳಿಸಿದೆವು. ಆದರೂ ಒಂದು ಭಾಗ ಕುಸಿದೇ ಬಿಟ್ಟಿತು.

ಮರುದಿನ ಬಂದ ಪ್ಲಂಬರ್ ಮೊದಲು ಮಾಡಿದ ಕೆಲಸವೆಂದರೆ ವಾಲ್ವ್‌ನ ಪ್ಲಾಸ್ಟಿಕ್ ತಲೆಯನ್ನು ಬಿಚ್ಚಿ ಒಳಗಿನದನ್ನು ತೋರಿಸಿದ್ದು. ಹಿತ್ತಾಳೆಯ ನಡುವೆ ಒಂದು ಸಣ್ಣ ಪಿನ್ ಎದ್ದು ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು, ಬೆರಳು ತೆಗೆದ ತಕ್ಷಣ ಚಿಮ್ಮಿ ಮೇಲೆ ಬಂತು. ಪಿನ್ ಒಳಗಿದ್ದರೆ ನೀರು ಬಂದ್, ಮೇಲಿದ್ದರೆ ಹರಿಯುತ್ತದೆ. ತಲೆಯೊಳಗೆ ಮೇಣ ಅಥವಾ ದ್ರವ ತುಂಬಿದ ಒಂದು ಪುಟ್ಟ ಡಬ್ಬಿ ಇರುತ್ತದೆ. ಕೋಣೆ ಬಿಸಿಯಾದಾಗ ಅದು ಹಿಗ್ಗಿ ಪಿನ್ನನ್ನು ಒತ್ತುತ್ತದೆ, ತಣ್ಣಗಾದಾಗ ಕುಗ್ಗಿ ಬಿಡುತ್ತದೆ. ನಕ್ಷತ್ರದ ಗುರುತು ಇರುವುದೇ ಹೆಪ್ಪುಗಟ್ಟದಂತೆ ಕಾಯುವುದಕ್ಕೆ. ಕೋಣೆ ಸುಮಾರು 6–7 ಡಿಗ್ರಿಗೆ ಇಳಿದರೆ ವಾಲ್ವ್ ತೆರೆದು ಬಿಸಿನೀರು ಬಿಡಬೇಕು. ನಮ್ಮ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆದರೆ ಅದರ ಮುಂದೆ ರೇಡಿಯೇಟರ್ ಇರಲಿಲ್ಲ.

ಇನ್ನೊಂದು ವಿಷಯ. ಕಾಂಬಿ ಬಾಯ್ಲರ್ (ಅಟ್ಟದ ಟ್ಯಾಂಕ್ ಬೇಕಿಲ್ಲದ ಬಾಯ್ಲರ್) ಇರುವ ಮನೆಯಲ್ಲಿ, ಹೀಟಿಂಗ್ ಪೈಪುಗಳಿಗೆ ನಲ್ಲಿ ನೀರು ತುಂಬಿಸುವ ಫಿಲ್ಲಿಂಗ್ ಲೂಪ್ ಮುಚ್ಚಿದ್ದರೆ, ಪೈಪುಗಳಲ್ಲಿ ಇದ್ದಷ್ಟು ನೀರು ಹೋಗಿ ಪ್ರೆಷರ್ ಇಳಿದು ಸೋರಿಕೆ ತಾನಾಗಿ ನಿಲ್ಲುತ್ತದೆ. ನಮ್ಮದು ಹಳೇ ಪದ್ಧತಿ. ಅಟ್ಟದಲ್ಲಿ ಒಂದು ಚಿಕ್ಕ ಟ್ಯಾಂಕ್, ಅದಕ್ಕೆ ಊರಿನ ಓವರ್‌ಹೆಡ್ ಟ್ಯಾಂಕ್‌ಗಿರುವಂಥದ್ದೇ ಫ್ಲೋಟ್ ವಾಲ್ವ್. ಕೆಳಗೆ ನೀರು ಹೋದಷ್ಟೂ ಮೇಲೆ ತುಂಬುತ್ತಲೇ ಇರುತ್ತದೆ. ಯಾರಾದರೂ ಬಂದು ನಿಲ್ಲಿಸುವವರೆಗೂ ಹರಿಯುತ್ತದೆ. ನಿಮ್ಮ ಮನೆಯಲ್ಲಿ ಯಾವ ಪದ್ಧತಿ ಇದೆ ಎಂದು ಒಮ್ಮೆ ಅಟ್ಟ ಹತ್ತಿ ನೋಡಿಕೊಳ್ಳಿ.

ವಿಮೆಯವರು ಮೊದಲು ಕೇಳಿದ್ದೇ ರೇಡಿಯೇಟರ್ ಕಳಚಿದ್ದು ಯಾರು ಎಂದು. ಇಲ್ಲಿನ ಎಷ್ಟೋ ಪಾಲಿಸಿಗಳು ಕೆಟ್ಟ ಕೆಲಸದಿಂದಾದ ಹಾನಿಗೆ ಹಣ ಕೊಡುವುದಿಲ್ಲ. ನೀರು ಸೋರಿದ ಕ್ಲೇಮ್‌ಗೆ ನಾವು ಕೈಯಿಂದ ಹಾಕಬೇಕಾದ ಮೊತ್ತವೂ ಬೇರೆಯವಕ್ಕಿಂತ ಹೆಚ್ಚಿರಬಹುದು. ಬಣ್ಣದವರ ಬಳಿ ಪಬ್ಲಿಕ್ ಲಯಬಿಲಿಟಿ ವಿಮೆ (ಅವರ ಕೆಲಸದಿಂದ ಬೇರೆಯವರಿಗಾಗುವ ಹಾನಿಗೆ ಹಣ ಕೊಡುವ ವಿಮೆ) ಇದೆಯಾ ಎಂದು ಕೆಲಸ ಶುರುವಾಗುವ ಮೊದಲೇ ಕೇಳಿ, ಕಾಗದ ನೋಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ನೀವೇ ಕಳಚುವುದಾದರೆ ಹೀಗೆ ಮಾಡಿ. ಹೀಟಿಂಗ್ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾಗಲಿ. ಥರ್ಮೋಸ್ಟಾಟ್ ತಲೆಯನ್ನು ಬಿಚ್ಚಿ, ಅದೇ ಜಾಗಕ್ಕೆ ಡೆಕೊರೇಟರ್ಸ್ ಕ್ಯಾಪ್ ಎಂಬ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಅದು ಪಿನ್ನನ್ನು ಒತ್ತಿ ಹಿಡಿಯುತ್ತದೆ, ಚಳಿಗೂ ಅದಕ್ಕೂ ಸಂಬಂಧವಿಲ್ಲ. ಹೊಸ ವಾಲ್ವ್‌ಗಳ ಡಬ್ಬಿಯಲ್ಲಿ ಎಷ್ಟೋ ಸಲ ಇದು ಇರುತ್ತದೆ. ಸುಮ್ನೆ ಎಸೆಯಬೇಡಿ. ಲಾಕ್‌ಶೀಲ್ಡ್ ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಎಂದು ಬರೆದಿಟ್ಟುಕೊಳ್ಳಿ. ಮತ್ತೆ ಅಷ್ಟೇ ತೆರೆಯದಿದ್ದರೆ ಒಂದು ಕೋಣೆ ಕಾದು ಇನ್ನೊಂದು ತಣ್ಣಗೇ ಉಳಿಯುತ್ತದೆ. ವಾಲ್ವನ್ನು ರೇಡಿಯೇಟರ್‌ಗೆ ಜೋಡಿಸುವ ನಟ್ ಸಡಿಲಿಸುವಾಗ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ವಾಲ್ವನ್ನು ಅಲುಗಾಡದಂತೆ ಹಿಡಿಯಿರಿ, ಇಲ್ಲದಿದ್ದರೆ ಪೈಪ್ ತಿರುಚುತ್ತದೆ. 8 ಅಥವಾ 10 ಮಿಲಿಮೀಟರಿನ ಸಣ್ಣ ತಾಮ್ರದ ಪೈಪ್ ಇದ್ದರಂತೂ ಇನ್ನೂ ಹುಷಾರು.

ಇಷ್ಟಕ್ಕೇ ನಿಲ್ಲಿಸಬೇಡಿ. ಪ್ಲಾಸ್ಟಿಕ್ ಮುಚ್ಚಳವೊಂದನ್ನೇ ನಂಬಿ ರಾತ್ರಿ ಕಳೆಯುವುದು ಬೇಡ. ರೇಡಿಯೇಟರ್ ಇಳಿಸಿದ ಕೂಡಲೇ ಎರಡೂ ವಾಲ್ವ್‌ಗಳ ಬಾಯಿಗೆ ಲೋಹದ ಬ್ಲ್ಯಾಂಕಿಂಗ್ ಕ್ಯಾಪ್ ಹಾಕಿ ಬಿಗಿ ಮಾಡಿ. ವಾಲ್ವ್ ಕೈಕೊಟ್ಟರೂ ಆಗ ನೀರು ಹೊರಗೆ ಬರಲು ದಾರಿ ಇರುವುದಿಲ್ಲ. ರೇಡಿಯೇಟರ್‌ನ ತಳದಲ್ಲಿ ಕಪ್ಪು ಕೆಸರು ಉಳಿದಿರುತ್ತದೆ, ಅದರ ತೂತುಗಳನ್ನೂ ಮುಚ್ಚಿಯೇ ಇಬ್ಬರು ಸೇರಿ ಎತ್ತಿ.

ಮತ್ತೆ ಕೂರಿಸಿದ ಮೇಲೆ ಬ್ಲೀಡ್ ಕೀ ಎಂಬ ಸಣ್ಣ ಕೀಲಿಯಿಂದ ರೇಡಿಯೇಟರ್‌ನೊಳಗಿನ ಗಾಳಿ ತೆಗೆಯಿರಿ. ಕಾಂಬಿ ಇದ್ದರೆ ತಣ್ಣಗಿರುವಾಗ ಪ್ರೆಷರ್ 1ರಿಂದ 1.5 ಬಾರ್‌ಗೆ ತನ್ನಿ. ಎಷ್ಟು ನೀರು ಹೋಗಿದೆಯೋ ಅಷ್ಟಕ್ಕೆ ತಕ್ಕಂತೆ ತುಕ್ಕು ತಡೆಯುವ ಇನ್ಹಿಬಿಟರ್ ಸೇರಿಸಿ. ಹೊಸ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಉಕ್ಕನ್ನು ತಿನ್ನುವುದು. ಬಾಯ್ಲರ್‌ನ ಗ್ಯಾಸಿನ ಭಾಗವನ್ನು ಮಾತ್ರ ಮುಟ್ಟಬೇಡಿ, ಅದು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿಯಲ್ಲಿ, ಹೆಸರಿರುವವರ ಕೆಲಸ.

ಈಗಾಗಲೇ ರೇಡಿಯೇಟರ್ ಕಳಚಿಟ್ಟು ಬಣ್ಣ ಹೊಡೆಸುತ್ತಿರುವವರು ಈಗಲೇ ಎದ್ದು ಹೋಗಿ ಆ ಎರಡು ವಾಲ್ವ್ ನೋಡಿ. ಬಾಯಿ ತೆರೆದಿದ್ದರೆ ಇವತ್ತೇ ಮುಚ್ಚಳ ತಂದು ಹಾಕಿ. ಪ್ಲಂಬಿಂಗ್ ಅಂಗಡಿಯಲ್ಲಿ ಕೆಲವೇ ಪೌಂಡಿಗೆ ಸಿಗುತ್ತದೆ.